ತುಕ್ಕು ಹಿಡಿದ ಕಾವಲಿ



ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಮನೆಗಳಲ್ಲಿ ಅಜ್ಜಿಯರ ಕಾಲದ ಬೀಡು ಕಾವಲಿಯು ಅಟ್ಟದ ಮೂಲೆಯಲ್ಲಿಯೋ ಹಿತ್ತಿಲಿನಲ್ಲಿಯೋ ಬಿದ್ದಿರುವದನ್ನು ನಾವು ಕಾಣುತ್ತೇವೆ. ಹಗುರವಾದ ಹೊಸ ಪಾತ್ರೆಗಳು ಬಂದ ಮೇಲೆ ಅದನ್ನು ಕೇಳುವವರಿಲ್ಲ. ಹೊಯ್ಸಳರ ಕಲ್ಲುಗಳನ್ನು ನೋಡುವದಕ್ಕೆ ಜನರು ದೂರದೇಶಗಳಿಂದ ಬರುತ್ತಾರೆ. ಈ ಕಬ್ಬಿಣವನ್ನಾದರೋ ಮನೆಯವರೇ ತೂಕಕ್ಕೆ ಮಾರಿಬಿಡುತ್ತಾರೆ. ಬಿರುಕು ಬಿಡದೆ ಇದ್ದರೆ ಅದರಲ್ಲಿ ತಿರಿಗಿ ರೊಟ್ಟಿ ಬೇಯಿಸಬಹುದು.

ಪ್ರವಾದಿಯಾದ ಯೆಹೆಜ್ಕೇಲನು 24ನೆಯ ಅಧ್ಯಾಯದಲ್ಲಿ ಕಿಲುಬು ಹಿಡಿದ ಹಂಡೆಯ ಸಾಮ್ಯವನ್ನು ಹೇಳುತ್ತಾನೆ. ಅದು ತಾಮ್ರದ ಹಂಡೆ. ಕೆಂಡದ ಮೇಲೆ ಬರಿದಾಗಿ ಇಟ್ಟರೂ ಅದರ ಕಿಲುಬು ಬಿಡಲೊಲ್ಲದು. ಅದು ಯೆರೂಸಲೇಮಿನ ಮೇಲೆ ಬಂದ ನ್ಯಾಯತೀರ್ಪು. ಅದರ ಕಾಠಿಣ್ಯವನ್ನು ನಾವು ತಗ್ಗಿಸಿ ಹೇಳಬಾರದು. ಆದರೆ ಅರಣ್ಯಕಾಂಡದ 31ನೆಯ ಅಧ್ಯಾಯದಲ್ಲಿ ಕಬ್ಬಿಣದ ಹೆಸರೇ ಬಂದಿದೆ. ಬೆಂಕಿಯನ್ನು ತಾಳುವಂಥದನ್ನು ಬೆಂಕಿ ದಾಟಿಸಿ ನೀರಿನಿಂದ ಶುದ್ಧಮಾಡಬೇಕೆಂದು ಅಲ್ಲಿ ಅಪ್ಪಣೆಯುಂಟು, ಬಿಸಾಡಬೇಕೆಂದು ಇಲ್ಲ.

ನಮ್ಮ ತಾಯಂದಿರು ಈ ಕೆಲಸವನ್ನು ಬಲ್ಲರು. ಅಕ್ಕಿ ತೊಳೆದ ನೀರಿನಲ್ಲಿಯೋ ಗಂಜಿಯಲ್ಲಿಯೋ ನೆನೆಯಿಟ್ಟು, ಹುಣಿಸೇಹಣ್ಣನ್ನೂ ಬೂದಿಯನ್ನೂ ಹಾಕಿ, ತೆಂಗಿನ ನಾರಿನಿಂದ ಕಪ್ಪು ಬಣ್ಣ ಕಾಣುವ ತನಕ ಉಜ್ಜುತ್ತಾರೆ. ತೊಳೆದ ಕೂಡಲೆ ಒಲೆಯ ಮೇಲೆ ಒಣಗಿಸಬೇಕು; ಹಾಗೆಯೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು ತಿರಿಗಿ ಏರುವದು. ಬಳಿಕ ಎಣ್ಣೆಯನ್ನು ತೆಳ್ಳಗೆ ಸವರಿ, ಬಟ್ಟೆಯಿಂದ ಒರಸಿ, ಹೊಗೆ ಏಳುವಷ್ಟು ಕಾಯಿಸಬೇಕು. ಕಾವಿನಿಂದ ಎಣ್ಣೆಯು ಗಟ್ಟಿಯಾದ ಪೊರೆಯಾಗಿ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ದಪ್ಪವಾಗಿ ಬಳಿದರೆ ಅಂಟಂಟಾಗುವದು. ತೆಳ್ಳಗೆ ನಾಲ್ಕೈದಾವರ್ತಿ ಮಾಡಬೇಕು. ಅರಸೀಕೆರೆ ತೆಂಗಿನ ಸೀಮೆಯಾದರೂ ಇದಕ್ಕೆ ಕೊಬ್ಬರಿ ಎಣ್ಣೆಗಿಂತ ಹುಚ್ಚೆಳ್ಳೆಣ್ಣೆಯೇ ಮೇಲು, ಅದು ಬೇಗ ಪೊರೆಗಟ್ಟುತ್ತದೆ. ಮತ್ತೊಂದು ಮಾತು: ಕಾದ ಬೀಡಿನ ಮೇಲೆ ತಣ್ಣೀರು ಸುರಿದರೆ ಅದು ಸೀಳಿಹೋದೀತು. ಸೀಳಿದ್ದಕ್ಕೆ ಮನೆಯಲ್ಲಿ ಮದ್ದಿಲ್ಲ.

ಪ್ರಿಯರೇ, ನಮ್ಮ ಸಭೆಗಳಲ್ಲಿ ಬಿದ್ದವರನ್ನು ಎಬ್ಬಿಸುವ ಬಗೆ ಹೇಗಿದೆ? ಕುಡಿತಕ್ಕೆ ಬಿದ್ದು ಕರ್ತನ ಭೋಜನದಿಂದ ದೂರವಾದ ಸಹೋದರನು ಅತ್ತು ಹಿಂದಿರುಗಿ ಬಂದಾಗ ಉಜ್ಜುವ ಕೆಲಸದಲ್ಲಿ ನಾವು ಹಿಂದೆಬೀಳುವದಿಲ್ಲ. ಹಿರಿಯರು ಬುದ್ಧಿ ಹೇಳುತ್ತಾರೆ, ಹೆಂಗಸರು ಬಾವಿಯ ಬಳಿ ಮಾತಾಡುತ್ತಾರೆ, ಉಪದೇಶಿಗಳೂ ಅವನ ಮುಖ ನೋಡಿಯೇ ಪ್ರಸಂಗಿಸುತ್ತಾರೆ. ಈ ತಪ್ಪಿನಲ್ಲಿ ನಾವೂ ಪಾಲುಗಾರರೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಎಣ್ಣೆ ಸವರುವವರು ಯಾರು? ಅವನನ್ನು ಹಿಂದಿನ ಸಾಲಿನಲ್ಲಿ ಒಬ್ಬನೇ ಕುಳ್ಳಿರಲು ಬಿಡುತ್ತೇವೆ. ಭಾನುವಾರ ಸಂಜೆ ಅವನ ಬಾಗಲಿಗೆ ಬರುವವರು ಹಳೆಯ ಗೆಳೆಯರು ಮಾತ್ರವೇ. ದೆವ್ವವು ಬಿಟ್ಟುಹೋದ ಮನೆಯು ಗುಡಿಸಿ ಅಲಂಕರಿಸಲ್ಪಟ್ಟಿದ್ದರೂ ಬರಿದಾಗಿದ್ದದರಿಂದ ಬೇರೆ ಏಳು ದೆವ್ವಗಳು ಬಂದು ಸೇರಿಕೊಂಡವೆಂದು ನಮ್ಮ ಕರ್ತನು ಮತ್ತಾಯನ 12ನೆಯ ಅಧ್ಯಾಯದಲ್ಲಿ ಹೇಳಿದನಲ್ಲವೇ? ಅವನು ತಿರಿಗಿ ಬಿದ್ದರೆ, ‘ಅವನ ಬುದ್ಧಿಯೇ ಅಂಥದು’ ಎನ್ನುತ್ತೇವೆ. ಒದ್ದೆ ಕಾವಲಿಯನ್ನು ಮೂಲೆಗಿಟ್ಟವರು ಕಬ್ಬಿಣವನ್ನು ದೂರುವ ಹಾಗೆಯೇ ಇದು.

ಅಪೊಸ್ತಲನಾದ ಪೌಲನು ಗಲಾತ್ಯದವರಿಗೆ ಬರೆದಾಗ, ಬಿದ್ದವನನ್ನು ಶಾಂತಭಾವದಿಂದ ಸರಿಪಡಿಸಬೇಕೆಂದೂ ಸರಿಪಡಿಸುವವನು ತನ್ನ ವಿಷಯದಲ್ಲಿ ಎಚ್ಚರವಾಗಿರಬೇಕೆಂದೂ ಕಲಿಸಿದನು. ಪಶ್ಚಾತ್ತಾಪದಿಂದ ಬೇಯುತ್ತಿರುವವನ ಮೇಲೆ ತಣ್ಣನೆಯ ಮಾತನ್ನು ಸುರಿಯಬೇಡಿರಿ. ಒಂದೇ ದಿನದ ಆದರವೂ ಸಾಲದು; ತೆಳ್ಳಗಾದರೂ ವಾರವಾರವೂ ಬೇಕು.

ಆದದರಿಂದ ಬರುವ ಭಾನುವಾರ ಆರಾಧನೆಯು ಮುಗಿದ ಮೇಲೆ ಇಬ್ಬಿಬ್ಬರಾಗಿ ಅಂಥವರ ಮನೆಗೆ ಹೋಗೋಣ. ಅವರ ಹಳೆಯ ತಪ್ಪನ್ನು ಎತ್ತದೆ, ಬೆಳೆಯನ್ನೂ ಮಕ್ಕಳನ್ನೂ ವಿಚಾರಿಸಿ, ಕೂಡಿ ಪ್ರಾರ್ಥಿಸೋಣ. ಊಟದ ಹೊತ್ತಾಗಿ ಅವರು ಎಲೆ ಹಾಕಿದರೆ ಬೇಡವೆನ್ನದೆ ಕುಳಿತುಕೊಳ್ಳೋಣ.