ಸೋತವರ ಧರ್ಮ

ಗೆದ್ದು ಮಂತ್ರಿಯಾದವರು ಪ್ರಮಾಣವಚನ ಸ್ವೀಕರಿಸುತ್ತಾರೆ. ಸೋತವರು ಯಾವ ವಚನವನ್ನೂ ನುಡಿಯದೆ ಮನೆಗೆ ತೆರಳುತ್ತಾರೆ. ಹಾಗೆಂದು ಸೋತ ಪಕ್ಷಕ್ಕೆ ಧರ್ಮವೆಂಬುದು ಇಲ್ಲವೆ?

ಶಿಕ್ಷಕ ವೃತ್ತಿಯಲ್ಲಿದ್ದವರಿಗೆ ಚುನಾವಣಾ ಕೆಲಸ ತಪ್ಪಿದ್ದಲ್ಲ. ಸಂಜೆ ಮತಪೆಟ್ಟಿಗೆಗೆ ಅರಗು ಹಾಕುವಾಗ ಪಕ್ಷಗಳ ಏಜೆಂಟರು ಒಟ್ಟಿಗೆ ನಿಂತು ತಮ್ಮ ಮುದ್ರೆಯನ್ನೂ ಒತ್ತುವುದನ್ನು ನಾನು ಕಂಡಿದ್ದೇನೆ. ಯಾರು ಸೋಲುವರೆಂದು ಆಗ ಯಾರಿಗೂ ತಿಳಿದಿರುವುದಿಲ್ಲ. ಬರಲಿರುವ ತೀರ್ಪನ್ನು ಅವರೆಲ್ಲರೂ ಅಂದೇ ಒಪ್ಪಿರುತ್ತಾರೆ. ಆದುದರಿಂದ ಸೋತ ಮೇಲೆ ಮತದಾರನನ್ನು ಹಳಿಯುವುದು ಕೊಟ್ಟ ಮಾತಿಗೆ ತಪ್ಪಿದಂತೆ.

ಆದರೆ ಜನರ ತೀರ್ಪೆಲ್ಲ ಸತ್ಯವೇ? ಹಾಗೆನ್ನಲಾಗದು. ಯಾರು ಆಳಬೇಕೆಂಬುದನ್ನು ಮತ ನಿರ್ಣಯಿಸುತ್ತದೆ, ಯಾವುದು ಸತ್ಯವೆಂಬುದನ್ನಲ್ಲ. ಜನ ನಿರಾಕರಿಸಿದ್ದು ನಮ್ಮ ತತ್ತ್ವವನ್ನೋ ನಮ್ಮ ನಡತೆಯನ್ನೋ ಎಂದು ಸೋತ ಪಕ್ಷವು ಬೇರ್ಪಡಿಸಿ ನೋಡಬೇಕು. ನಡತೆ ಕೆಟ್ಟಿದ್ದರೆ ತಿದ್ದಬೇಕು. ತತ್ತ್ವ ಸರಿಯಿದ್ದರೆ ತಾಳ್ಮೆಯಿಂದ ಮತ್ತೆ ತಿಳಿಹೇಳಬೇಕು. ಅನುತ್ತೀರ್ಣನಾದ ವಿದ್ಯಾರ್ಥಿ ಪ್ರಶ್ನೆಪತ್ರಿಕೆಯನ್ನು ದೂರಿದರೆ ಮುಂದಿನ ವರ್ಷವೂ ಅದೇ ಬೆಂಚಿನಲ್ಲಿ ಕೂರುತ್ತಾನೆ.

ಕರ್ನಾಟಕದ ಒಂದು ನಿದರ್ಶನವನ್ನು ನೋಡೋಣ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ದೊರೆತದ್ದು ಕೇವಲ 4. ರಾಜ್ಯ ಸರಕಾರಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಆದರೂ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ನಿಂತರು. 1985ರ ಮಾರ್ಚಿನಲ್ಲಿ ಅದೇ ಪಕ್ಷ 224ರಲ್ಲಿ 139 ಸ್ಥಾನ ಗೆದ್ದಿತು. ಅದರಲ್ಲಿ ರಾಜಕೀಯ ಲೆಕ್ಕಾಚಾರವೂ ಇದ್ದಿರಬಹುದು. ಆದರೆ ಸೋಲನ್ನು ಪ್ರಶ್ನೆಯೆಂದು ತಿಳಿದು ಉತ್ತರಿಸಲು ಹೋದವರನ್ನು ಜನ ಕೈಬಿಡಲಿಲ್ಲ. ಮುಂದೆ ಒಳಜಗಳಕ್ಕೆ ಸಿಕ್ಕಿದ ಆ ಬಳಗ 1989ರಲ್ಲಿ, ಜನತಾ ದಳವೆಂಬ ಹೆಸರಿನಲ್ಲಿ, 24 ಸ್ಥಾನಗಳಿಗೆ ಇಳಿಯಿತು. ಚದುರಿದವರು ಮತ್ತೆ ಕೂಡಿದಾಗ, 1994ರಲ್ಲಿ, 115 ಸ್ಥಾನಗಳೊಡನೆ ಅಧಿಕಾರಕ್ಕೆ ಮರಳಿತು.

ನಾವು ಬಾಳುತ್ತಿರುವ ತಮಿಳುನಾಡೂ ಇದೇ ಪಾಠ ಹೇಳುತ್ತದೆ. ಪಕ್ಷ ಕಟ್ಟಲೆಂದು 1963ರಲ್ಲಿ ಮುಖ್ಯಮಂತ್ರಿ ಪದವಿಯನ್ನೇ ತೊರೆದ ಕಾಮರಾಜರು 1967ರಲ್ಲಿ ವಿರುದುನಗರದಲ್ಲಿ ಯುವ ವಿದ್ಯಾರ್ಥಿ ನಾಯಕನೊಬ್ಬನಿಗೆ ಸೋತರು. ಅಂದು ಅಧಿಕಾರ ಕಳೆದುಕೊಂಡ ಕಾಂಗ್ರೆಸ್ಸು ಒಡೆದು, 1971ರಲ್ಲಿ ಇಂದಿರಾ ಬಣವು ಮೈತ್ರಿಯ ಸಲುವಾಗಿ ವಿಧಾನಸಭೆಯ ಒಂದು ಸ್ಥಾನಕ್ಕೂ ಸ್ಪರ್ಧಿಸಲಿಲ್ಲ. ಪರರ ಹೆಗಲೇರಿದವನಿಗೆ ಸ್ವಂತ ಕಾಲಿನ ನಡಿಗೆ ಮರೆತುಹೋಗುತ್ತದೆ. ಇದಕ್ಕೆ ಪ್ರತಿಯಾಗಿ, 1976ರಲ್ಲಿ ಸರಕಾರ ಕಳೆದುಕೊಂಡ ಡಿ.ಎಂ.ಕೆ. ಸತತ ಮೂರು ವಿಧಾನಸಭಾ ಚುನಾವಣೆಗಳಲ್ಲಿ ಸೋತರೂ ತನ್ನ ಶಾಖೆಗಳನ್ನು ಮುಚ್ಚಲಿಲ್ಲ. 1989ರಲ್ಲಿ ಮರಳಿ ಬಂದಿತು.

ನಾನು ಯಾವ ಪಕ್ಷದ ವಕೀಲನೂ ಅಲ್ಲ. ಆದರೆ ವಿರೋಧಪಕ್ಷ ಸತ್ತ ಊರಿನಲ್ಲಿ ಬಡವನ ದೂರನ್ನು ಸಭೆಯಲ್ಲಿ ಎತ್ತಿ ಹೇಳುವವರು ಯಾರು? ಸೋತ ಪಕ್ಷ ಎದ್ದು ನಿಲ್ಲುವುದು ತನಗಾಗಿ ಮಾತ್ರವಲ್ಲ, ತನಗೆ ಮತ ಕೊಡದವರಿಗಾಗಿಯೂ ಹೌದು.

ಒಂದು ಮಾತು ಹೇಳಿ ಮುಗಿಸುತ್ತೇನೆ. ಹಿಂದೊಮ್ಮೆ ಶಿಕ್ಷಕರ ಸಂಘವೊಂದರ ಚುನಾವಣೆಯಲ್ಲಿ ನಾನೂ ಸೋತೆ. ಮುನಿಸಿಕೊಂಡು ಎರಡು ವರ್ಷ ಸಭೆಯ ಕಡೆ ತಲೆಹಾಕಲಿಲ್ಲ. ಆ ಅವಧಿಯಲ್ಲಿ ಕಿರಿಯ ಶಿಕ್ಷಕರೊಬ್ಬರಿಗೆ ಅನ್ಯಾಯವಾದಾಗ ಅವರ ಪರವಾಗಿ ಏಳಬೇಕಾದ ಧ್ವನಿ ಅಲ್ಲಿರಲಿಲ್ಲ. ಪೋತ್ತನೂರಿನ ಈ ಮುಪ್ಪಿನ ದಿನಗಳಲ್ಲಿ ಸೋತ ನೋವು ನನಗೆ ನೆನಪಿಲ್ಲ. ಅಂದಿನ ಗೈರುಹಾಜರಿ ಮಾತ್ರ ನೆನಪಿದೆ.