ಎಸರಿನ ಸದ್ದು

ಮಲಪ್ರಭೆ ದಂಡೆಯ ಹೊಳೆಮಣ್ಣೂರಿನಲ್ಲಿ ರೊಟ್ಟಿ ಬಡಿಯುವವರು ಎಸರನ್ನು ಇಣುಕಿ ನೋಡುವುದು ಕಡಿಮೆ. ಕಿವಿಯಲ್ಲೇ ಅಳೆಯುತ್ತಾರೆ.

*

ಜೋಳಕ್ಕೆ ಗೋಧಿಯ ಜಿಗುಟಿಲ್ಲ. ಕುದಿನೀರು ಬಿದ್ದರೆ ಪಿಷ್ಟ ಅರಳಿ ಅಂಟು ಬಿಡುತ್ತದೆ, ಹಿಟ್ಟು ಮಾತು ಕೇಳುತ್ತದೆ. ಅವಸರಪಟ್ಟು ಬೆಚ್ಚಗಿನ ನೀರು ಹೊಯ್ದವರ ರೊಟ್ಟಿ ಅಂಚಿನಲ್ಲೇ ಸೀಳಿ ಸಾಕ್ಷಿ ಹೇಳುತ್ತದೆ.

*

ಎಲ್ಲಕ್ಕಿಂತ ಜೋರಾಗಿ ಕೂಗುವ ನೀರು ಇನ್ನೂ ಕುದ್ದಿಲ್ಲ.

*

ಮೊದಲು ಪಾತ್ರೆಯ ಗೋಡೆಗೆ ಕೂರುವ ಸಣ್ಣ ಗುಳ್ಳೆಗಳು ನೀರಲ್ಲಿ ಕರಗಿದ್ದ ಗಾಳಿ. ಅವು ಬಾಯಿ ಬಿಡುವುದಿಲ್ಲ. ಆಮೇಲೆ ತಳಕ್ಕೆ ತಾಗಿದ ನೀರು ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಮೇಲಿನ ನೀರಿಗೆ ಇನ್ನೂ ಬಿಸಿ ಏರಿಲ್ಲ. ಗುಳ್ಳೆ ಅದನ್ನು ಮುಟ್ಟಿದ್ದೇ ತಡ, ಒಳಗಿನ ಆವಿ ಮರಳಿ ನೀರಾಗುತ್ತದೆ. ಸುಮಾರು 1,600 ಪಟ್ಟು ಹಿಗ್ಗಿದ್ದದ್ದು ಒಮ್ಮೆಲೇ ಕುಗ್ಗಿಬಿಟ್ಟರೆ ಸುತ್ತಲಿನ ನೀರು ಆ ಪೊಳ್ಳಿಗೆ ನುಗ್ಗಿ ಒಂದಕ್ಕೊಂದು ಬಡಿಯುತ್ತದೆ. ಇಂಥ ಬಡಿತಗಳು ಒಂದರ ಮೇಲೊಂದು ಬಿದ್ದು ಪಾತ್ರೆ ನಡುಗಿದಾಗ ನಮಗೆ ಕೇಳಿಸುವುದೇ ಆ ಗುಂಯ್.

*

ಹುಟ್ಟುವ ಗುಳ್ಳೆಗಿಂತ ಸಾಯುವ ಗುಳ್ಳೆಯದೇ ಗದ್ದಲ.

*

ಮೇಲಿನ ನೀರೂ ಕಾದ ಮೇಲೆ ಗುಳ್ಳೆ ನಡುದಾರಿಯಲ್ಲಿ ಸಾಯುವುದಿಲ್ಲ, ದಡ ಸೇರಿ ಒಡೆಯುತ್ತದೆ. ಗುಂಯ್ ತಗ್ಗಿ ಕೊತಕೊತ ಶುರು. ತಳಕ್ಕೂ ಮೇಲಕ್ಕೂ ಇದ್ದ ಅಂತರ ಹೋಯಿತು, ಕೂಗೂ ಹೋಯಿತು. ಇದನ್ನು ಊರಿನ ಜಗಳಗಳಿಗೆ ಹೊಂದಿಸಲು ಮನಸ್ಸಾಗುತ್ತದೆ. ಆದರೆ ಊರಲ್ಲಿ ಮೇಲಿನವರು ಅಷ್ಟು ಬೇಗ ಕಾಯುವುದಿಲ್ಲ.

*

ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 18ನೇ ಶತಮಾನದಲ್ಲೇ ಈ ಸದ್ದಿನ ಜಾಡು ಹಿಡಿದು ಆವಿಗುಳ್ಳೆಗಳ ಕುಸಿತಕ್ಕೆ ಬಂದು ಮುಟ್ಟಿದ. ಗುಪ್ತೋಷ್ಣವನ್ನು ಕಂಡವನೂ ಅವನೇ: ಮಂಜಿನಷ್ಟು ತಣ್ಣಗಿನ ನೀರನ್ನು ಕುದಿಗೆ ತರುವ ಬಿಸಿಗಿಂತ, ಕುದಿ ಬಂದದ್ದನ್ನು ಪೂರ್ತಿ ಆವಿ ಮಾಡಲು ಐದು ಪಟ್ಟಿಗೂ ಹೆಚ್ಚು ಬೇಕು. ಅವನ ಗೆಳೆಯ ಜೇಮ್ಸ್ ವಾಟ್‌ನ ಕಿಟ್ಲಿ ಕಥೆ ಮಾತ್ರ ಎಲ್ಲರ ಬಾಯಲ್ಲಿದೆ.

*

ಹಾಲು ಇಷ್ಟೆಲ್ಲ ಮುನ್ಸೂಚನೆ ಕೊಡುವುದಿಲ್ಲ. ಮುಖ ತಿರುಗಿಸುವುದನ್ನೇ ಕಾಯುತ್ತದೆ.

*

2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ದಂಡೆ ಮೀರಿದಳು. ಹೊಳೆ ಇಳಿದ ಮೇಲಿನ ದಿನಗಳಲ್ಲಿ, ಕುಡಿಯಲು ಕಾಸುವಾಗ, ಗುಂಯ್ ಎಂದ ನೀರನ್ನು ನಂಬಬಾರದು. ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಒಲೆಯ ಮೇಲಿರಲಿ.

*

ಕುದಿತಕ್ಕೆ ರೋಗಾಣು ಸಾಯುತ್ತದೆ. ಗದಗ ಸೀಮೆಯ ಕೊಳವೆಬಾವಿಗಳಲ್ಲಿ ಕಾಡುವ ಫ್ಲೋರೈಡ್ ಜಗ್ಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಏರುತ್ತದೆ. ಅದನ್ನು ಒಲೆಯ ಮೇಲೆ ಹೊರಿಸಿ ಪ್ರಯೋಜನವಿಲ್ಲ, ಅದು ಸರ್ಕಾರದ ಕೆಲಸ.

*

ಗುಳ್ಳೆ ಹುಟ್ಟಲು ಒರಟು ಬೇಕು: ಗೀರು, ಕುಳಿ, ಗಡಸು ನೀರು ಬಿಟ್ಟುಹೋದ ಬಿಳಿ ಪರೆ. ಕಾದ ನೀರಿಗೆ ಚಹಾಪುಡಿ ಉದುರಿಸಿದೊಡನೆ ಬುಸ್ಸೆನ್ನುವುದು ಇದಕ್ಕೇ.

*

ಕರೆಂಟಿನ ಕಿಟ್ಲಿಗೆ ಕಿವಿಯಿಲ್ಲ. ಆವಿ ತಾಗಿ ಎರಡು ಲೋಹದ ಪಟ್ಟಿಯೊಂದು ಬಾಗುತ್ತದೆ, ಸ್ವಿಚ್ ಹಾರುತ್ತದೆ. ಮುಚ್ಚಳ ತೆರೆದಿಟ್ಟರೆ ಆವಿ ಆ ದಾರಿ ಹಿಡಿಯುವುದಿಲ್ಲ, ಕಿಟ್ಲಿ ಸುಮ್ಮನೆ ಕುದಿಯುತ್ತಲೇ ಇರುತ್ತದೆ.