ಮೊದಲು ಊಟ, ಆಮೇಲೆ ಮಾತು

ಮುನಿಸಿಕೊಂಡ ಅಣ್ಣತಮ್ಮಂದಿರನ್ನು ತಾಯಿ ಹಬ್ಬದೂಟಕ್ಕೆ ಕರೆಯುತ್ತಾಳೆ. ಇಬ್ಬರೂ ಬಂದು ಉಣ್ಣುತ್ತಾರೆ. ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋಗುತ್ತಾರೆ. ಇದನ್ನು ರಾಜಿ ಎನ್ನಬಹುದೇ? ಅಥವಾ ತಪ್ಪೊಪ್ಪಿಗೆ ಆಗುವ ಮುಂಚೆ ಒಟ್ಟಿಗೆ ಉಣ್ಣುವುದೇ ಕಪಟವೇ?

ಈ ಪ್ರಶ್ನೆ ಎದ್ದಾಗ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಲಿಯಾ ಚೇಸ್ ನೆನಪಾಗುತ್ತಾರೆ. ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ಮೂಲಗಳು ಬೆರೆತ ಲೂಯಿಸಿಯಾನದ ಕ್ರಿಯೋಲ್ ಜನರಲ್ಲಿ, ಕಥೋಲಿಕ ಮನೆಯೊಂದರಲ್ಲಿ 1923ರಲ್ಲಿ ಹುಟ್ಟಿದವರು ಆಕೆ. 2019ರಲ್ಲಿ ತೀರಿಕೊಂಡರು. ಗಂಡನ ಮನೆಯವರ 'ಡೂಕಿ ಚೇಸ್' ಹೋಟೆಲಿನ ಅಡುಗೆಮನೆಯೇ ಅವರ ಬಾಳಾಯಿತು. 2005ರ ಕತ್ರಿನಾ ಚಂಡಮಾರುತದಲ್ಲಿ ಹೋಟೆಲು ಮುಳುಗಿತು. 2007ರಲ್ಲಿ ಮತ್ತೆ ಒಲೆ ಹೊತ್ತಿತು.

ಪ್ರತಿ ಪವಿತ್ರ ಗುರುವಾರ ಆಕೆ ಸೊಪ್ಪಿನ ಗಂಬೋ ಮಾಡುತ್ತಿದ್ದರು. ಸಾಸಿವೆ ಸೊಪ್ಪು, ಪಾಲಕ್, ಎಲೆಕೋಸು ಮುಂತಾದ ಒಂಬತ್ತು ಬಗೆಯ ಸೊಪ್ಪುಗಳನ್ನು ಮಾಂಸದೊಡನೆ ಬೇಯಿಸಿದ ಗಟ್ಟಿ ಸಾರು ಅದು. ಶುಭ ಶುಕ್ರವಾರದ ಉಪವಾಸಕ್ಕೆ ಮುಂಚಿನ ತುಂಬು ಊಟ. ಹಾಕಿದ ಒಂದೊಂದು ಸೊಪ್ಪಿಗೂ ಒಬ್ಬ ಹೊಸ ಗೆಳೆಯ ಸಿಗುತ್ತಾನೆಂಬುದು ಅಲ್ಲಿಯ ನಂಬಿಕೆ.

ಆದರೆ ಸಾರು ತಾನಾಗಿ ಯಾರನ್ನೂ ಕೂಡಿಸುವುದಿಲ್ಲ. ಕರಿಯರೂ ಬಿಳಿಯರೂ ಒಂದೇ ಮೇಜಿನಲ್ಲಿ ಉಣ್ಣಬಾರದೆಂಬ ಕಾನೂನಿದ್ದ ದಿನಗಳಲ್ಲಿ ಆಕೆ ಮಹಡಿಯ ಕೋಣೆಯಲ್ಲಿ ಇಬ್ಬರಿಗೂ ಬಡಿಸಿದರು. ಅವರು ಬರೀ ಉಂಡು ಎದ್ದು ಹೋಗಲಿಲ್ಲ. ಆಗುತ್ತಿದ್ದ ಅನ್ಯಾಯವನ್ನು ಹೆಸರು ಹಿಡಿದು ಹೇಳಿದರು. ಅದನ್ನು ತೊಲಗಿಸುವ ದಾರಿ ಚರ್ಚಿಸಿದರು. ಊಟ ಮಾತಿಗೆ ಬಾಗಿಲು ತೆರೆಯಿತು. ಮಾತಿನ ಬದಲಿಗೆ ಬರಲಿಲ್ಲ.

ನಮ್ಮ ಮನೆಗಳಲ್ಲಿ ಎಡವುವುದು ಇಲ್ಲಿಯೇ. "ಹೋಗಲಿ ಬಿಡು ಮಗಾ, ಹಬ್ಬದ ದಿನ ಯಾಕೆ ಆ ಮಾತು?" ಎನ್ನುತ್ತೇವೆ. ಯಾರಿಗೆ ಎನ್ನುತ್ತೇವೆ? ಹೆಚ್ಚಾಗಿ ನೊಂದವನಿಗೆ. ನೋಯಿಸಿದವನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತೇವೆ. ಮನೆ ಶಾಂತವಾಗಿ ಕಾಣುತ್ತದೆ, ಆದರೆ ಆ ಶಾಂತಿಯ ಬೆಲೆಯನ್ನು ಒಬ್ಬನೇ ತೆರುತ್ತಾನೆ.

ಹಾಗಾದರೆ ಕ್ಷಮೆ ಕೇಳುವ ತನಕ ಬಾಗಿಲು ಮುಚ್ಚಿಡಬೇಕೇ? ಸಂತ ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯವನ್ನು ಓದಿ ನೋಡಿ. ಪೇತ್ರ ಇದ್ದಿಲ ಬೆಂಕಿಯ ಬಳಿ ನಿಂತು ಪ್ರಭುವನ್ನು ಅರಿಯೆನೆಂದಿದ್ದ. ಪುನರುತ್ಥಾನರಾದ ಪ್ರಭು ಸರೋವರದ ದಡದಲ್ಲಿ ಮತ್ತೆ ಇದ್ದಿಲ ಬೆಂಕಿ ಹೊತ್ತಿಸಿ, ಮೀನು ರೊಟ್ಟಿ ಸಿದ್ಧಮಾಡಿ, ಶಿಷ್ಯರನ್ನು ಉಣ್ಣಲು ಕರೆದರು. ತಪ್ಪೊಪ್ಪಿಕೊಂಡ ಮೇಲೆ ಬಾ ಎನ್ನಲಿಲ್ಲ. ಆದರೆ ಊಟವಾದ ಮೇಲೆ ತನ್ನನ್ನು ಪ್ರೀತಿಸುವೆಯಾ ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ಪೇತ್ರನಿಗೆ ನೋವಾಯಿತು. ಆದರೂ ಪ್ರಭು ಆ ಪ್ರಶ್ನೆಯನ್ನು ಬಿಡಲಿಲ್ಲ. ಅನ್ನಕ್ಕೆ ಷರತ್ತಿಲ್ಲ, ಸತ್ಯಕ್ಕೆ ರಿಯಾಯಿತಿಯೂ ಇಲ್ಲ.

ತಾಯಂದಿರೇ, ಅಜ್ಜಿಯರೇ, ಮುನಿದ ಮಕ್ಕಳನ್ನು ಧಾರಾಳವಾಗಿ ಊಟಕ್ಕೆ ಕರೆಯಿರಿ. ಅಡುಗೆಮನೆಯ ಈ ಅಧಿಕಾರ ಸಣ್ಣದಲ್ಲ. ಆದರೆ ತಟ್ಟೆ ತೆಗೆದ ಕೂಡಲೇ ಎಲ್ಲರನ್ನೂ ಕಳುಹಿಸಿಬಿಡಬೇಡಿ. ಸ್ವಲ್ಪ ಹೊತ್ತು ಕೂರಿಸಿ. ನೊಂದವನು ತನ್ನ ನೋವು ಹೇಳಲಿ, ನೋಯಿಸಿದವನು ಕೇಳಲಿ. ಅಂದೇ ಎಲ್ಲ ಸರಿಹೋಗದಿದ್ದರೆ ಮುಂದಿನ ಹಬ್ಬಕ್ಕೂ ಇಬ್ಬರ ತಟ್ಟೆಯನ್ನೂ ಇಡಿ.